ಅರ್ಜೆಂಟೀನಾದ ಪ್ರಾಂತೀಯ ನೋಟುಗಳ ಸಂಗ್ರಹ

19ನೆಯ ಶತಮಾನದಲ್ಲಿ ಅರ್ಜೆಂಟೀನಾದ ಪ್ರಾಂತಗಳೂ ಖಾಸಗಿ ಬ್ಯಾಂಕುಗಳೂ ಹೊರಡಿಸಿದ ಕಾಗದದ ಹಣವನ್ನು ಕಲೆಹಾಕಿ ಅಧ್ಯಯನ ಮಾಡುವ ಹವ್ಯಾಸ. ನಾಣ್ಯಶಾಸ್ತ್ರದ ಒಂದು ಉಪಶಾಖೆ.

ಹಿನ್ನೆಲೆ: ದೇಶದ ಮೊದಲ ಬ್ಯಾಂಕು 1822ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಆರಂಭವಾಗಿ ನೋಟು ಹೊರಡಿಸಿತು. 1826ರಲ್ಲಿ, ಬ್ರೆಜಿಲ್ ಜೊತೆಗಿನ ಯುದ್ಧದ ನಡುವೆ, ನೋಟಿಗೆ ಲೋಹದ ಹಣ ಕೊಡುವುದು ನಿಂತಿತು. 1836ರಲ್ಲಿ ಬ್ಯೂನಸ್ ಐರಿಸ್ ಪ್ರಾಂತದ ಗವರ್ನರ್ ಹ್ವಾನ್ ಮನುವೆಲ್ ದ ರೋಸಸ್, ಮೊದಲ ಬ್ಯಾಂಕಿನ ಜಾಗಕ್ಕೆ ಬಂದಿದ್ದ ನ್ಯಾಷನಲ್ ಬ್ಯಾಂಕನ್ನು ಮುಚ್ಚಿ, ನೋಟು ಹೊರಡಿಸುವ ಕೆಲಸವನ್ನು ಟಂಕಸಾಲೆಗೆ ವಹಿಸಿದ. ಅವನ ಕಾಲದ ನೋಟುಗಳಲ್ಲಿ ಅವನದೇ ಒಕ್ಕೂಟ ಪಕ್ಷದ ಜಯಘೋಷಗಳು ಅಚ್ಚಾಗಿವೆ. ಒಳನಾಡಿನಲ್ಲಿ ಬೊಲಿವಿಯಾದ ಬೆಳ್ಳಿ ನಾಣ್ಯವೇ ಹೆಚ್ಚು ಚಲಾವಣೆಯಲ್ಲಿದ್ದುದರಿಂದ ಸಾಂತಾ ಫೆ, ಕೋರ್ಡೊಬಾ ಮುಂತಾದೆಡೆಯ ಕೆಲವು ನೋಟುಗಳ ಮೌಲ್ಯವನ್ನು ಬೊಲಿವಿಯನ್ ಪೆಸೊಗಳಲ್ಲಿ ನಮೂದಿಸಲಾಗಿದೆ. 1881ರ ಕಾಯಿದೆ ದೇಶಕ್ಕೆಲ್ಲ ಒಂದೇ ಪೆಸೊವನ್ನು ತಂದಿತು. 1887ರ ಕಾಯಿದೆ ಚಿನ್ನದಲ್ಲಿ ಕೊಂಡ ಸರ್ಕಾರಿ ಬಾಂಡುಗಳ ಆಧಾರದ ಮೇಲೆ ಬ್ಯಾಂಕುಗಳಿಗೆ ಮತ್ತೆ ನೋಟು ಹೊರಡಿಸಲು ಅವಕಾಶ ಕೊಟ್ಟಿತಾದರೂ ಬೇರಿಂಗ್ ಬಿಕ್ಕಟ್ಟು ಎಂಬ 1890ರ ಹಣಕಾಸು ಮುಗ್ಗಟ್ಟಿನಲ್ಲಿ ಆ ವ್ಯವಸ್ಥೆ ಕುಸಿಯಿತು.

ಸಂಗ್ರಹ: ಮುದ್ರಕರು, ಕೈಬರಹದ ಸಹಿ, ಕ್ರಮಸಂಖ್ಯೆ, ರದ್ದತಿಯ ತೂತುಗಳು ವರ್ಗೀಕರಣಕ್ಕೆ ಆಧಾರ. ಸಹಿಯಿಲ್ಲದೆ ಉಳಿದುಹೋದ ನೋಟು, ಚಲಾವಣೆಯಾದ ನೋಟು ಮತ್ತು ಮಾದರಿ ಪ್ರತಿಗಳನ್ನು ಬೇರೆಬೇರೆಯಾಗಿ ಗಣಿಸುತ್ತಾರೆ. ಪಿಕ್ ಹೆಸರಿನ ಕ್ಯಾಟಲಾಗಿನಲ್ಲಿ ಪ್ರಾಂತೀಯ ಹಾಗೂ ಖಾಸಗಿ ನೋಟುಗಳ ಸಂಖ್ಯೆಗೆ ಮೊದಲು ‘ಎಸ್’ ಅಕ್ಷರವಿರುತ್ತದೆ. ತೊಳೆದ, ಇಸ್ತ್ರಿ ಮಾಡಿದ ನೋಟು ಬೆಲೆ ಕಳೆದುಕೊಳ್ಳುತ್ತದೆ.