ಚಿಕ್ಕಬೆಟ್ಟಕ್ಕೊಂದು ಸುತ್ತು

ವೀಕೆಂಡಲ್ಲಿ ಶ್ರವಣಬೆಳಗೊಳಕ್ಕೆ ಹೋಗುವ ನಮ್ಮ ಆಫೀಸಿನವರ ಪ್ಲಾನ್ ಸರಳ: ದೊಡ್ಡಬೆಟ್ಟ ಹತ್ತೋದು, ಗೊಮ್ಮಟನ ಮುಂದೆ ಫೋಟೋ, ಇಳಿದು ಊಟ, ವಾಪಸ್. ಇನ್ನೂ ಎರಡು ಮೂರು ಗಂಟೆ ಉಳಿಸಿಕೊಳ್ಳಿ ಅಂತೀನಿ ನಾನು. ಕಲ್ಯಾಣಿಯಿಂದ ಹೊರಟು ಎದುರಿನ ಚಿಕ್ಕಬೆಟ್ಟ ಹತ್ತಿಳಿದು, ಅದರ ಬೆನ್ನಿಗಿರುವ ಜಿನನಾಥಪುರ ನೋಡಿ, ಬೆಟ್ಟ ಬಳಸಿಕೊಂಡು ಮತ್ತೆ ಕಲ್ಯಾಣಿಗೆ ಬನ್ನಿ.

ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ್ದು ಸುಮಾರು 981ರಲ್ಲಿ. ಅದಕ್ಕೂ ಮುನ್ನೂರು ವರ್ಷ ಮೊದಲೇ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಅಕ್ಷರ ಮೂಡಿದ್ದವು. ಯುದ್ಧ ಗೆದ್ದವರ ಸುದ್ದಿಯಲ್ಲ. ಹೆಚ್ಚಿನವು ವ್ರತ ಹಿಡಿದು, ಅನ್ನ ಬಿಟ್ಟು, ಇಲ್ಲೇ ದೇಹ ತೊರೆದವರ ಹೆಸರುಗಳು.

ಹೊಯ್ಸಳರ ಕಾಲಕ್ಕೆ ಬಂದರೆ ಮನೆಮಂದಿಯೇ ಸಿಗ್ತಾರೆ. ತಲಕಾಡಿನಿಂದ ಚೋಳರನ್ನು ಓಡಿಸಿದ ದಂಡನಾಯಕ ಗಂಗರಾಜ ಇಲ್ಲಿ ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿ ಕಟ್ಟಿಸಿದ. ಹೆಂಡತಿ ಲಕ್ಷ್ಮಿ ತೀರಿಕೊಂಡಾಗ ಅವಳ ನೆನಪಿಗೆ ಶಾಸನ ಹಾಕಿಸಿದ. ರಾಣಿ ಶಾಂತಲೆಯ ಸವತಿಗಂಧವಾರಣ ಬಸದಿ 1123ರದು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದೆ ಇರಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು.

ಜಿನನಾಥಪುರ ಗಂಗರಾಜನೇ ಮಾಡಿಸಿದ ಊರು. ಅಲ್ಲಿನ ಶಾಂತಿನಾಥ ಬಸದಿ ಸುಮಾರು 1200ರದು, ರೇಚಣ ಕಟ್ಟಿಸಿದ್ದು. ಬೆಟ್ಟದ ಮೇಲಿನ ಬಸದಿಗಳ ಬೋಳು ಗೋಡೆ ನೋಡಿ ಬಂದ ಕಣ್ಣಿಗೆ ಇಲ್ಲಿನ ಹೊರಗೋಡೆಯ ಶಿಲ್ಪಗಳೇ ಹಬ್ಬ.

ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ತೀರಿಕೊಂಡವರ ಹೆಸರಲ್ಲಿ ಅರಳಿಕಟ್ಟೆಯನ್ನೋ ನೀರಿನ ತೊಟ್ಟಿಯನ್ನೋ ಕಟ್ಟಿಸ್ತಾರೆ. ದಂಡನಾಯಕನೂ ಮಾಡಿದ್ದು ಅದನ್ನೇ. ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಬೆಳಗೊಳದ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣೆಯಲ್ಲಿ 500. ದೊಡ್ಡಬೆಟ್ಟದಲ್ಲಿ ತಲೆ ಎತ್ತಿ ನೋಡಿದರೆ ಸಾಕು. ಚಿಕ್ಕಬೆಟ್ಟದಲ್ಲಿ ಮಾತ್ರ ನೆಲ ನೋಡ್ಕೊಂಡು ನಡೀಬೇಕು, ಕಾಲ ಕೆಳಗೇ ಯಾರದೋ ಹೆಸರಿರುತ್ತೆ.