ಮನೆಯಲ್ಲೇ ಮಾಡಿದ ಆಂಪ್ಲಿಫೈಯರ್

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ರೇಡಿಯೋ ಬಿಡಿಭಾಗಗಳಿಗಾಗಿ ಅಲೆದವರು ನಮ್ಮ ವಾಚಕರಲ್ಲಿಯೂ ಕೆಲವರಿರಬಹುದು. ಹೊಸಬರು ಆಗ ಮೊದಲು ಕೈಹಾಕುತ್ತಿದ್ದುದು ಸಣ್ಣದೊಂದು ಆಂಪ್ಲಿಫೈಯರಿಗೆ. ಟ್ರಾನ್ಸಿಸ್ಟರು ಹುಟ್ಟಿದೊಡನೆ ಮಾಡಿ ತೋರಿಸಿದ ಕೆಲಸವೂ ಅದೇ.

ಅದಕ್ಕೆ ಮೊದಲು ಇದ್ದದ್ದು ವಾಲ್ವು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ರೂಪಿಸಿದ ವಾಲ್ವನ್ನು ಇತರರು ಸುಧಾರಿಸಿದ ಮೇಲೆ, 1915ರಲ್ಲಿ ನ್ಯೂಯಾರ್ಕಿನವರು ಸ್ಯಾನ್‌ಫ್ರಾನ್ಸಿಸ್ಕೋದವರೊಡನೆ ಟೆಲಿಫೋನಿನಲ್ಲಿ ಮಾತನಾಡಿದರು. ಆದರೆ ವಾಲ್ವಿಗೆ ಕಾಯುವ ತಂತಿ ಬೇಕು, ಹೆಚ್ಚಿನ ವೋಲ್ಟೇಜು ಬೇಕು. ಹುಡುಗರ ಕೈಗೆ ಕೊಡುವ ವಸ್ತುವಲ್ಲ.

1947ರ ಡಿಸೆಂಬರ್ 23ರಂದು ಬೆಲ್ ಪ್ರಯೋಗಾಲಯದ ಬಾರ್ಡೀನ್ ಮತ್ತು ಬ್ರ್ಯಾಟನ್ ತಮ್ಮ ಮೇಲಧಿಕಾರಿಗಳ ಮುಂದೆ ಒಂದು ವಿಚಿತ್ರ ಉಪಕರಣವನ್ನಿಟ್ಟರು. ಪ್ಲಾಸ್ಟಿಕ್ ಬೆಣೆಗೆ ಚಿನ್ನದ ತೆಳು ಹಾಳೆ ಅಂಟಿಸಿ, ತುದಿಯಲ್ಲಿ ಬ್ಲೇಡಿನಿಂದ ಸೀಳಿ, ಜರ್ಮೇನಿಯಂ ತುಣುಕಿನ ಮೇಲೆ ಸ್ಪ್ರಿಂಗಿನಿಂದ ಒತ್ತಿದ್ದರು. ಅದನ್ನು ಸರ್ಕಿಟಿಗೆ ಸೇರಿಸಿದೊಡನೆ ಮಾತು ಜೋರಾಗಿ ಕೇಳಿಸಿತು! ನೋಡಲು ಮಾತ್ರ ಶಾಲೆಯ ಹುಡುಗನೊಬ್ಬ ಅಂಟಿಸಿದಂತಿತ್ತು.

ನಿಜವಾಗಿ ಅಲ್ಲಿ ಬೆಳೆಯುವುದು ಧ್ವನಿಯಲ್ಲ. ಕೆರೆಯ ತೂಬೆತ್ತಲು ಒಬ್ಬನ ಕೈ ಸಾಕು; ಕಾಲುವೆಯಲ್ಲಿ ನುಗ್ಗುವ ಬಲ ಕೆರೆಯದು. ಹಾಗೆಯೇ ಸಣ್ಣ ಸಂಕೇತವು ತೂಬನ್ನು ಆಡಿಸಿದಂತೆ ಬ್ಯಾಟರಿಯ ದೊಡ್ಡ ಪ್ರವಾಹ ಸ್ಪೀಕರಿಗೆ ಹರಿಯುತ್ತದೆ. ಇಂದಿನ ಹುಡುಗರಿಗಾದರೋ ಎಂಟು ಕಾಲಿನ ಎಲ್‌ಎಂ386 ಇದೆ; 9 ವೋಲ್ಟಿನ ಬ್ಯಾಟರಿ, ನಾಲ್ಕಾರು ಬಿಡಿಭಾಗಗಳಿದ್ದರೆ ಸಂಕೇತವನ್ನು 20 ಪಟ್ಟು ಹಿಗ್ಗಿಸುತ್ತದೆ.

ನಮಗಿದ್ದದ್ದು ಜರ್ಮೇನಿಯಂ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆಗೆ ತೊಡಗಿತ್ತು. ಮುಂಬಯಿಯ ಅಂಗಡಿಯಲ್ಲಿ ‘ಬಿಇಎಲ್’ ಗುರುತು ಕಂಡಾಗ ಊರಿನವರೇ ಸಿಕ್ಕಂತಾಗುತ್ತಿತ್ತು.

ಜರ್ಮೇನಿಯಂ ಬಹಳ ಶಾಖ ತಡೆಯದು. ಬೆಸುಗೆ ಹಾಕುವಾಗ ಟ್ರಾನ್ಸಿಸ್ಟರಿನ ಕಾಲನ್ನು ಇಕ್ಕಳದಲ್ಲಿ ಹಿಡಿದರೆ ಶಾಖ ಇಕ್ಕಳಕ್ಕೆ ಇಳಿಯುತ್ತದೆ. ಇದನ್ನು ಓದಿದ್ದೆ, ಅವಸರದಲ್ಲಿ ಮರೆತೆ. ನನ್ನ ಮೊದಲ ಎಸಿ128 ಸತ್ತಿತು. ಎರಡು ತಿಂಗಳ ಉಳಿತಾಯವೂ ಹೋಯಿತು. ಅಪ್ಪ ಬೈಯಲಿಲ್ಲ, ಇನ್ನೊಂದಕ್ಕೆ ದುಡ್ಡೂ ಕೊಡಲಿಲ್ಲ. ಮತ್ತೆ ಕೂಡಿಸಿದೆ.

ಅಲ್ಲಿಯವರೆಗೆ ನನ್ನ ಸ್ಫಟಿಕ ರೇಡಿಯೋವನ್ನು ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳಬೇಕಿತ್ತು. ಆ ದೀಪಾವಳಿಯ ಸಂಜೆ ಚಾಳಿನ ಒಂದೇ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. ಒಲೆಯ ಬಳಿಯಿಂದ ಅಮ್ಮ, “ಸ್ವಲ್ಪ ಸಣ್ಣ ಮಾಡೋ” ಎಂದಳು. ಸಣ್ಣ ಮಾಡುವ ತಿರುಪನ್ನು ನಾನು ಹಾಕಿರಲೇ ಇಲ್ಲ.