ಕೋವಿ ಅಂಗಡಿಯ ಲೆಕ್ಕದ ಪುಸ್ತಕ

ಮಲೆನಾಡಿನ ಹಳೆಯ ಮನೆಗಳ ಗೋಡೆಯಲ್ಲಿ ತೂಗುತ್ತಿದ್ದ ಕೋವಿ ಬರಿಯ ದೊಡ್ಡಸ್ತಿಕೆಯ ಗುರುತಾಗಿರಲಿಲ್ಲ. ಗದ್ದೆ, ಅಡಕೆ ತೋಟ, ಕಾಡು ಮೂರೂ ಒಂದರ ಬೆನ್ನಿಗೊಂದು ಅಂಟಿಕೊಂಡಿರುವ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಗಳಲ್ಲಿ ಅದು ಕತ್ತಿ, ಗುದ್ದಲಿ, ಹಾರೆಗಳ ಸಾಲಿಗೆ ಸೇರಿದ ಬೇಸಾಯದ ಸಲಕರಣೆ. ರಾತ್ರಿ ಗದ್ದೆಗಿಳಿಯುವ ಹಂದಿಗೆ, ಹಗಲು ತೋಟಕ್ಕೆ ನುಗ್ಗುವ ಮಂಗನಿಗೆ ರೈತನ ಬಳಿ ಇದ್ದ ಉತ್ತರ ಅದೊಂದೇ. ಆದರೆ ಕತ್ತಿ, ಗುದ್ದಲಿಗಳಂತೆ ಅದನ್ನು ಸಂತೆಯಲ್ಲಿ ಕೊಂಡು ಹೆಗಲಿಗೇರಿಸಿಕೊಂಡು ಬರುವಂತಿಲ್ಲ. ಅದಕ್ಕೆ ಸರ್ಕಾರದ ಚೀಟಿ ಬೇಕು. ಆ ಚೀಟಿ ಹಿಡಿದು ಜಿಲ್ಲಾ ಕೇಂದ್ರದ ಕೋವಿ ಅಂಗಡಿಗೆ ಬರಬೇಕು.

ರಾಗಿಗುಡ್ಡದ ಸುತ್ತಲೂ ಬಡಾವಣೆಗಳೆದ್ದಿರುವ ಇಂದಿನ ಶಿವಮೊಗ್ಗ ನಗರದಲ್ಲಿ ಕೋವಿಯ ಮಾತು ಹಳೆಯ ಕಾಲದ್ದೆನಿಸಬಹುದು. ಆದರೆ ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್ ಬಸ್ಸಿನಲ್ಲಿ ಬಂದು ತೋಟಾ ಕೊಂಡು ಹಿಂತಿರುಗುವ ಬೆಳೆಗಾರನಿಗೆ ಅದು ಇಂದಿನ ಮಾತೇ. ಗಿರಾಕಿ ಬಂದೊಡನೆ ಸರಕು ತೋರಿಸುವುದು ಬೇರೆ ಅಂಗಡಿಗಳ ಪದ್ಧತಿ. ಕೋವಿ ಅಂಗಡಿಯಲ್ಲಿ ಮೊದಲು ಗಿರಾಕಿಯೇ ತನ್ನ ಕಾಗದ ತೋರಿಸಬೇಕು. ಈ ತಲೆಕೆಳಗಾದ ವ್ಯಾಪಾರದ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

ನಗರದ ಆಯುಧ ಶಾಲೆ

ಮಲೆನಾಡಿಗೆ ಕೋವಿ ಬ್ರಿಟಿಷರಿಂದಲೇ ಬಂದದ್ದೆಂದು ತಿಳಿಯುವುದು ಸರಿಯಲ್ಲ. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಹೈದರಾಲಿ ಅದಕ್ಕೆ ಹೈದರ್ ನಗರವೆಂದು ಹೆಸರಿಟ್ಟ. ಇಂದು ಹೊಸನಗರ ತಾಲ್ಲೂಕಿನಲ್ಲಿರುವ ನಗರ ಗ್ರಾಮವೇ ಅದು. ಹೈದರ್ ಅಲ್ಲಿ ನಾಣ್ಯದ ಟಂಕಸಾಲೆಯನ್ನು ಮುಂದುವರಿಸಿದ್ದಲ್ಲದೆ ತನ್ನ ಮುಖ್ಯ ಆಯುಧ ಶಾಲೆಯನ್ನೂ ಸ್ಥಾಪಿಸಿದ. ಶಸ್ತ್ರ ಮತ್ತು ಮದ್ದುಗುಂಡುಗಳ ತಯಾರಿಕೆಯಲ್ಲಿ ಅಲ್ಲಿ ಬಹಳ ಮಂದಿ ದುಡಿಯುತ್ತಿದ್ದರು. 1783ರಲ್ಲಿ ಇಂಗ್ಲಿಷ್ ಸೇನೆ ನಗರವನ್ನು ಹಿಡಿದರೆ ಅದೇ ವರ್ಷ ಟಿಪ್ಪು ಸುಲ್ತಾನ ಅದನ್ನು ಮರಳಿ ಗೆದ್ದುಕೊಂಡ. ಘಟ್ಟದ ಮೇಲಿನ ಈ ಊರು ಕೈತಪ್ಪಿದರೆ ಕರಾವಳಿಯ ದಾರಿಯೂ ಕೈತಪ್ಪುವುದೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

1830–31ರಲ್ಲಿ ಇದೇ ನಗರ ಸೀಮೆಯ ರೈತರು ಕಂದಾಯದ ಭಾರ ತಾಳಲಾರದೆ ದಂಗೆಯೆದ್ದರು. ಅದನ್ನೇ ಮುಂದೊಡ್ಡಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ಅದು ಮೈಸೂರು ರಾಜಮನೆತನಕ್ಕೆ ಹಿಂತಿರುಗಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ.

ಕಾಗದ ಬಂದ ಬಗೆ

ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಾರದೆಂಬ ನಿಯಮದ ಬೇರು 1857ರಲ್ಲಿದೆ. ಆ ವರ್ಷದ ಹೋರಾಟದಿಂದ ಬೆಚ್ಚಿದ ಸರ್ಕಾರ 1860ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆ ತಂದಿತು. ವೈಸರಾಯ್ ಲಿಟ್ಟನ್ ಕಾಲದಲ್ಲಿ, 1878ರಲ್ಲಿ, ಹೆಚ್ಚು ಕಟ್ಟುನಿಟ್ಟಿನ ಶಸ್ತ್ರಾಸ್ತ್ರ ಕಾಯಿದೆ ಬಂತು. ಕೋವಿ ಇಟ್ಟುಕೊಳ್ಳಲು, ತಯಾರಿಸಲು, ಮಾರಲು ಎಲ್ಲಕ್ಕೂ ಲೈಸೆನ್ಸು ಬೇಕಾಯಿತು. ಯುರೋಪಿಯನ್ನರಿಗೆ ವಿನಾಯಿತಿಯಿತ್ತು. ಭಾರತೀಯರನ್ನು ನೋಯಿಸಿದ್ದು ಈ ಭೇದವೇ.

ಕೊಡಗಿನ ಕಥೆ ಬೇರೆ. 1861ರಲ್ಲೇ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ದೊರಕಿತು. ಮುಂದೆ ಅದು ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಸಲ್ಲುವ ಹಕ್ಕಾಗಿ ಉಳಿದುಬಂತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಹೀಗೆ ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡವನಿಗೆ ವಿನಾಯಿತಿಯ ಪತ್ರವಿದ್ದರೆ ಸಾಕು. ಆಯುಧಪೂಜೆಯಲ್ಲಿ ಅದೇ ಬಗೆಯ ಕೋವಿಗೆ ಕುಂಕುಮವಿಡುವ ಶಿವಮೊಗ್ಗದ ರೈತನಿಗೆ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸು ಬೇಕೇ ಬೇಕು.

ಅಹಿಂಸೆಯನ್ನೇ ವ್ರತವಾಗಿಸಿಕೊಂಡ ಗಾಂಧೀಜಿಯವರೂ ಈ ಕಾಯಿದೆಯನ್ನು ಒಪ್ಪಲಿಲ್ಲವೆಂಬುದು ಗಮನಾರ್ಹ. ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ, 1930ರ ಜನವರಿಯಲ್ಲಿ, ಅವರು ವೈಸರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕೆಂಬುದೂ ಒಂದು. 1931ರಲ್ಲಿ ಕಾಂಗ್ರೆಸ್ಸು ಒಪ್ಪಿದ ಮೂಲಭೂತ ಹಕ್ಕುಗಳ ನಿರ್ಣಯವೂ ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕನ್ನು ಸೇರಿಸಿಕೊಂಡಿತ್ತು. ಸಂವಿಧಾನದಲ್ಲಿ ಅದಕ್ಕೆ ಸ್ಥಾನ ಸಿಗಲಿಲ್ಲ. ಸ್ವತಂತ್ರ ಭಾರತ 1878ರ ಕಾಯಿದೆಯನ್ನು ಬದಿಗಿಟ್ಟು 1959ರ ಶಸ್ತ್ರಾಸ್ತ್ರ ಕಾಯಿದೆಯನ್ನು ರಚಿಸಿತು. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು.

ಈ ಹೊಸ ಕಾಯಿದೆ ರೈತನನ್ನು ಮರೆತಿರಲಿಲ್ಲ. ರಕ್ಷಣೆಗೋ ಕ್ರೀಡೆಗೋ ಬಳಸುವ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಗೂ, ನಿಜವಾಗಿ ಬೆಳೆ ರಕ್ಷಣೆಗೇ ಬೇಕಾದ, ಬಾಯಿಯಿಂದ ಮದ್ದು ತುಂಬುವ ಕೋವಿಗೂ ಅಡ್ಡಿಯಿಲ್ಲದಿದ್ದರೆ ಲೈಸೆನ್ಸು ಕೊಡತಕ್ಕದ್ದೆಂದು ಅದರ 13ನೇ ಕಲಮು ಹೇಳುತ್ತದೆ. ಮಲೆನಾಡಿನ ಎಷ್ಟೋ ಮನೆಗಳ ಕೋವಿಗಳು ನಿಂತಿರುವುದು ಈ ಒಂದು ಕಲಮಿನ ಆಧಾರದ ಮೇಲೆ.

ಕೇಪು ಮತ್ತು ತೋಟಾ

ಬಾಯಿಯಿಂದ ತುಂಬುವ ಕೋವಿಗೆ ಜನರ ಬಾಯಲ್ಲಿ ಕೇಪಿನ ಕೋವಿ ಎಂದು ಹೆಸರು. ನಳಿಗೆಯ ತುದಿಯಿಂದ ಕರಿಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ ಮತ್ತೆ ನಾರು ಜಡಿಯಬೇಕು. ಹಿಂಬದಿಯ ಮೊಲೆಯಂಥ ತೂತಿನ ಮೇಲೆ ಪುಟ್ಟ ತಾಮ್ರದ ಕೇಪು ಕೂಡಿಸಿದರೆ ಕೋವಿ ಸಿದ್ಧ. ಕುದುರೆ ಬಡಿದಾಗ ಕೇಪು ಸಿಡಿದು ಕಿಡಿ ಮದ್ದಿಗೆ ತಾಕುತ್ತದೆ. ಕರಿಮದ್ದೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು. ಮಳೆಗಾಲದಲ್ಲಿ ತೇವ ಹೀರಿದರೆ ಈಡು ಹಾರುವುದಿಲ್ಲ. ಅಳತೆ ತಪ್ಪಿ ಹೆಚ್ಚು ತುಂಬಿದರೆ ನಳಿಗೆಯೇ ಸಿಡಿದು ಹಾರಿಸಿದವನ ಮುಖಕ್ಕೆ ಬರುತ್ತದೆ.

ತೋಟಾ ಕೋವಿಯಲ್ಲಿ ಈ ತಾಪತ್ರಯವಿಲ್ಲ. ಮದ್ದು, ಚರೆ, ಕೇಪು ಎಲ್ಲವೂ ಒಂದೇ ಕೊಳವೆಯಲ್ಲಿ ಅಡಗಿರುತ್ತವೆ. ನಳಿಗೆಯನ್ನು ಮಡಚಿ ಹಿಂಬದಿಯಿಂದ ಇಟ್ಟರಾಯಿತು. ಇವುಗಳಲ್ಲಿ ಮನೆಮಾತಾಗಿರುವುದು 12 ಬೋರಿನದು. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಎರೆದರೆ ಅಂಥ ಒಂದು ಗುಂಡು ಹಿಡಿಸುವ ಅಗಲದ ನಳಿಗೆ ಎಂಬುದು ಇದರ ಅರ್ಥ. ಇಂದಿನ ಅಳತೆಯಲ್ಲಿ ಸುಮಾರು 18.5 ಮಿಲಿಮೀಟರ್. ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಎಂಬುದು ಕೊಳ್ಳುವವನ ಶಕ್ತಿಗೆ ಬಿಟ್ಟದ್ದು.

ಅಂಗಡಿಗೆ ಈ ಕೋವಿಗಳು ಬರುತ್ತಿದ್ದುದು ಇಂಗ್ಲೆಂಡು, ಬೆಲ್ಜಿಯಂಗಳಿಂದ. ಸ್ವದೇಶಿ ಕೋವಿಗಳಿಗೆ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆ, ಬಿಹಾರದ ಮುಂಗೇರ್ ಮತ್ತು ಜಮ್ಮುವಿನ ಖಾಸಗಿ ತಯಾರಕರು ಮೂಲ. ತೋಟಾ ಪುಣೆಯ ಖಡ್ಕಿಯದು. 1980ರ ದಶಕದ ನಡುವಿನಲ್ಲಿ ಸರ್ಕಾರ ವಿದೇಶಿ ಕೋವಿಗಳ ಆಮದಿನ ಬಾಗಿಲು ಮುಚ್ಚಿತು. ಅಲ್ಲಿಂದ ಅಜ್ಜನ ಕಾಲದ ವಿಲಾಯತಿ ಕೋವಿಯ ಬೆಲೆ ಏರಿತು. ಹಳೆಯದನ್ನು ರಿಪೇರಿ ಮಾಡುವ ಕೈಗೂ ಬೆಲೆ ಬಂತು.

ಕೌಂಟರಿನ ಹಿಂದೆ

ಅಂಗಡಿಯಲ್ಲಿ ಕೂತವನ ದಿನದ ಕೆಲಸದಲ್ಲಿ ಮಾರಾಟಕ್ಕಿಂತ ಬರವಣಿಗೆಯೇ ಹೆಚ್ಚು. ಲೈಸೆನ್ಸು ಪುಸ್ತಕ ಕೈಗೆ ಬಂದೊಡನೆ ಮೊದಲು ಅವಧಿ ನೋಡಬೇಕು. ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ, ಯಾವ ಬೋರಿನ ಕೋವಿಗೆ, ವರ್ಷಕ್ಕೆ ಎಷ್ಟು ತೋಟಾ, ಒಮ್ಮೆಗೆ ಎಷ್ಟು ಎಂದು ಪರಿಶೀಲಿಸಬೇಕು. ಫೋಟೋ ಮತ್ತು ಮುಖ ಹೊಂದಬೇಕು. ಕೊಟ್ಟ ತೋಟಾಗಳ ಸಂಖ್ಯೆ, ದಿನಾಂಕಗಳನ್ನು ಗಿರಾಕಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಅದನ್ನೇ ಅಂಗಡಿಯ ರಿಜಿಸ್ಟರಿನಲ್ಲಿ ಮತ್ತೆ ಬರೆಯಬೇಕು. ಕೋವಿಯಾದರೆ ಅದರ ಮೇಲೆ ಕೊರೆದ ನಂಬರೂ ಸೇರಬೇಕು. ಮ್ಯಾಜಿಸ್ಟ್ರೇಟರೋ ಪೊಲೀಸ್ ಅಧಿಕಾರಿಯೋ ಬಂದು ಕೇಳಿದಾಗ ಪುಸ್ತಕದ ಲೆಕ್ಕವೂ ಬೀರುವಿನ ಸರಕೂ ತಾಳೆಯಾಗಬೇಕು. ಒಂದು ತೋಟಾ ಕಡಿಮೆಯಾದರೂ ಅದು ವ್ಯಾಪಾರದ ನಷ್ಟವಲ್ಲ, ಕಾನೂನಿನ ಪ್ರಶ್ನೆ.

ಬರವಣಿಗೆಗಿಂತ ಕಷ್ಟವಾದ ಕೆಲಸ ಇನ್ನೊಂದಿದೆ. ಅದು ಇಲ್ಲವೆನ್ನುವುದು. ಲೈಸೆನ್ಸಿನ ಅವಧಿ ಮುಗಿದು ನಾಲ್ಕೇ ದಿನವಾಗಿರಬಹುದು. ಬಂದವನು ತಂದೆಯ ಕಾಲದಿಂದ ಪರಿಚಿತ ಗಿರಾಕಿಯಾಗಿರಬಹುದು, ಹಂದಿ ಗದ್ದೆಯನ್ನು ಹೂಳೆಬ್ಬಿಸಿದ್ದೂ ನಿಜವಿರಬಹುದು. ಆದರೂ ತೋಟಾ ಕೊಡುವಂತಿಲ್ಲ. ಕೊಳ್ಳುವವನು ಅನರ್ಹನೆಂದು ತಿಳಿದಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೋವಿ ಮಾರಕೂಡದೆಂದು ಕಾಯಿದೆ ಹೇಳುತ್ತದೆ. ಬುದ್ಧಿ ಸ್ಥಿಮಿತದಲ್ಲಿಲ್ಲದವರು ಈ ಅನರ್ಹರಲ್ಲಿ ಸೇರುತ್ತಾರೆ. ಜಿಲ್ಲಾಧಿಕಾರಿ ಅರ್ಜಿಯನ್ನು ನೋಡಿದ್ದಾರೆ, ಪೊಲೀಸರು ವರದಿ ಕೊಟ್ಟಿದ್ದಾರೆ. ಆದರೆ ಕೋವಿ ಕೈಗೆ ಹೋಗುವ ಗಳಿಗೆಯಲ್ಲಿ ಮನುಷ್ಯನ ಮುಖ ನೋಡುವವನು ಅಂಗಡಿಯವನೊಬ್ಬನೇ. 'ನಂಬಲು ಕಾರಣ' ಎಂಬ ಎರಡು ಶಬ್ದಗಳ ಹೊರೆ ಬೀಳುವುದು ಅವನ ಮೇಲೆ. ದಾಯಾದಿ ಜಗಳ, ಬೇಲಿ ತಂಟೆ, ಸಾಲದ ಸಂಕಟ ಹಳ್ಳಿಗಳಿಗೆ ಹೊಸತಲ್ಲ. ಬೆಳೆ ಕಾಯಲು ಕೊಟ್ಟ ಕೋವಿ ಮನೆಯವರ ಮೇಲೋ ತನ್ನ ಮೇಲೆಯೋ ತಿರುಗಲು ಒಂದು ಗಳಿಗೆ ಸಾಕು.

ಬೇಟೆ ನಿಂತ ಮೇಲೆ

ಒಂದು ಕಾಲಕ್ಕೆ ಮಲೆನಾಡಿನ ಬದುಕಿನಲ್ಲಿ ಬೇಟೆ ಎಷ್ಟು ಹಾಸುಹೊಕ್ಕಾಗಿತ್ತೆಂಬುದನ್ನು ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಕಾದಂಬರಿಗಳನ್ನು ಓದಿದವರೆಲ್ಲ ಬಲ್ಲರು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಶಾಸನ ಮಾಡಿತ್ತು. ಆದರೆ ಬೇಟೆಯ ಯುಗಕ್ಕೆ ನಿಜವಾಗಿ ತೆರೆ ಎಳೆದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಕೋವಿ ಅಂಗಡಿಗೂ ಅದೇ ತಿರುವು. ಅಲ್ಲಿಯವರೆಗೆ ಶಿಕಾರಿಗೆಂದು ಬರುತ್ತಿದ್ದ ಗಿರಾಕಿ ಇಲ್ಲವಾದ. ಉಳಿದವನು ಬೆಳೆ ಕಾಯುವವನು ಮಾತ್ರ.

ಅವನ ಹಾದಿಯೂ ಸಲೀಸಾಗಿರಲಿಲ್ಲ. ಆ ಕಾಯಿದೆಯ 34ನೇ ಕಲಮಿನಂತೆ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿರುವ ಲೈಸೆನ್ಸುದಾರರು ವನ್ಯಜೀವಿ ಅಧಿಕಾರಿಗಳಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯಿಲ್ಲದೆ ಹೊಸ ಲೈಸೆನ್ಸು ಕೊಡುವಂತಿಲ್ಲ. ಶಿವಮೊಗ್ಗ ನಗರದ ಸಮೀಪಕ್ಕೇ ಬರುವ ಶೆಟ್ಟಿಹಳ್ಳಿ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಭದ್ರಾವತಿ ತಾಲ್ಲೂಕಿನ ಅಂಚಿನ ಭದ್ರಾ ಅಭಯಾರಣ್ಯಕ್ಕೆ ಈಗಿನ ಹೆಸರು ಬಂದದ್ದೂ ಅದೇ ವರ್ಷ, ಅದು ಹುಲಿ ಮೀಸಲಾದದ್ದು 1998ರಲ್ಲಿ. ಸಾಗರದ ಕಡೆ ಶರಾವತಿ ಕಣಿವೆಯಿದೆ. ಈ ಮೂರರ ಸುತ್ತ 10 ಕಿಲೋಮೀಟರಿನ ಗೆರೆ ಎಳೆದರೆ ಎಷ್ಟು ಹಳ್ಳಿಗಳು ಅದರೊಳಗೆ ಬರುತ್ತವೆಂದು ಯಾರೂ ಊಹಿಸಬಹುದು. ವಿಪರ್ಯಾಸವೆಂದರೆ, ಕಾಡುಪ್ರಾಣಿಯ ಕಾಟ ಹೆಚ್ಚಿರುವುದೂ ಆ ಗೆರೆಯ ಒಳಗೇ. ಪ್ರಾಣಿಯನ್ನು ಕೊಲ್ಲಬಾರದು, ಬೆಳೆಯನ್ನೂ ಕಳೆದುಕೊಳ್ಳಬಾರದು ಎಂಬ ಇಕ್ಕಟ್ಟಿನಲ್ಲಿ ಅಲ್ಲಿನ ಕೋವಿ ಇಂದು ಬಹುಪಾಲು ಸದ್ದಿಗಷ್ಟೇ ಉಳಿದಿದೆ. ಒಂದು ಈಡು ಆಕಾಶಕ್ಕೆ ಹಾರಿಸಿದರೆ ಮಂಗಗಳು ಪಕ್ಕದ ತೋಟಕ್ಕೆ ಹೋಗುತ್ತವೆ.

ಚುನಾವಣೆ ಬಂತೆಂದರೆ ಆ ಸದ್ದೂ ಇಲ್ಲ. ಕೋವಿಗಳನ್ನು ಠಾಣೆಯಲ್ಲೋ ಲೈಸೆನ್ಸು ಪಡೆದ ಅಂಗಡಿಯಲ್ಲೋ ಠೇವಣಿ ಇಡಬೇಕೆಂಬ ಆದೇಶ ಹೊರಡುತ್ತದೆ. ಯಾರಿಗೆ ವಿನಾಯಿತಿ ಎಂಬುದನ್ನು ಜಿಲ್ಲಾ ಮಟ್ಟದ ಸಮಿತಿ ತೀರ್ಮಾನಿಸುತ್ತದೆ. ಆಗ ಕೋವಿ ಅಂಗಡಿ ಉಗ್ರಾಣವಾಗುತ್ತದೆ. ಬೀರುಗಳಲ್ಲಿ ಚೀಟಿ ಕಟ್ಟಿದ ಕೋವಿಗಳು ಸಾಲಾಗಿ ನಿಲ್ಲುತ್ತವೆ. ತೋಟದಲ್ಲಿ ಮಂಗಗಳು ನಿಶ್ಚಿಂತೆಯಿಂದ ಬಾಳೆಗೊನೆ ಮುರಿಯುತ್ತವೆ. ಯಾವ ಅಪರಾಧವನ್ನೂ ಮಾಡದ ತನ್ನನ್ನು ರೌಡಿಯ ಸಾಲಿನಲ್ಲಿ ನಿಲ್ಲಿಸಿದ್ದೇಕೆಂಬುದು ಪ್ರತಿ ಚುನಾವಣೆಯಲ್ಲೂ ಕೇಳಿಬರುವ ಬೆಳೆಗಾರನ ಪ್ರಶ್ನೆ. ಒಂದೇ ಒಂದು ಗುಂಡು ಹಾರಿದರೆ ಹೊಣೆ ಯಾರದೆಂಬುದು ಆಡಳಿತದ ಮರುಪ್ರಶ್ನೆ. ಎರಡರಲ್ಲೂ ಹುರುಳಿದೆ.

ಇತ್ತೀಚಿನ ವರ್ಷಗಳಲ್ಲಿ ನಿಯಮ ಮತ್ತಷ್ಟು ಬಿಗಿಯಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಾವಳಿ ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕೆಂದಿತು. 2019ರ ತಿದ್ದುಪಡಿ ಒಬ್ಬರು ಹೊಂದಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮನೆಯ ಹಿರಿಯರು ತೀರಿಕೊಂಡಾಗ ಅವರ ಕೋವಿಯೊಂದಿಗೆ ಪಟ್ಟಣದಲ್ಲಿ ನೌಕರಿಯಲ್ಲಿರುವ ಮಗ ಅಂಗಡಿಗೆ ಬರುತ್ತಾನೆ. ತನ್ನ ಹೆಸರಿಗೆ ಲೈಸೆನ್ಸು ಪಡೆಯುವ ತನಕ ಅದನ್ನು ಅವನು ಠಾಣೆಯಲ್ಲೋ ಅಂಗಡಿಯಲ್ಲೋ ಒಪ್ಪಿಸಲೇಬೇಕು. ಅಡಕೆ ತೋಟವನ್ನೇ ಬಿಟ್ಟವನಿಗೆ ಕೋವಿ ಏತಕ್ಕೆ? ಅಂಥ ಕೋವಿಗಳು ವಾರಸುದಾರರಿಲ್ಲದೆ ಕಾಯುತ್ತವೆ.

ಸರ್ಕಾರದ ಭಯ, ರೈತನ ಹಸಿವು, ಕಾಡಿನ ಹಕ್ಕು ಮೂರೂ ಒಂದೇ ಮೇಜಿನ ಮೇಲೆ ಸಂಧಿಸುವ ಸ್ಥಳ ಕೋವಿ ಅಂಗಡಿ. 1878ರಲ್ಲಿ ಆಳುವವರು ಜನರನ್ನು ನಂಬಲಾರದೆ ಆರಂಭಿಸಿದ ಲೆಕ್ಕದ ಪುಸ್ತಕವನ್ನು ಜನರದೇ ಸರ್ಕಾರ ಜನರ ಕ್ಷೇಮಕ್ಕೆಂದು ಮುಂದುವರಿಸಿದೆ. ಅದರ ಪುಟಗಳಲ್ಲಿ ಕೊಟ್ಟದ್ದಕ್ಕೆಲ್ಲ ಲೆಕ್ಕವಿದೆ. ಮುಖ ನೋಡಿ ಕೊಡದೆ ಉಳಿಸಿಕೊಂಡದ್ದನ್ನು, ಅದರಿಂದ ಉಳಿದ ಜೀವಗಳನ್ನು ಬರೆಯಲು ಅದರಲ್ಲಿ ಕಲಮಿಲ್ಲ.